20 ಕೆ.ಜಿ. ಬೀಜ ಕೊಟ್ಟೆ, 19.2 ಕೆ.ಜಿ. ಪುಡಿ ಬಂತು. ಈಗ ಏನು ಮಾಡಲಿ?

ಆಲ್ದೂರಿನ ಸೊಸೆ:

ನಮಸ್ಕಾರ. ನಾನು ಇಲ್ಲಿ ಓದೋದೇ ಜಾಸ್ತಿ, ಬರೆಯೋದು ಕಡಿಮೆ. ಈ ಸಲ ಬರೆಯದೆ ದಾರಿ ಇಲ್ಲ.

ಆಲ್ದೂರು ಕಡೆ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ಅರೇಬಿಕಾ ಜಾಸ್ತಿ, ಬೇಲಿ ಪಕ್ಕ ಒಂದಿಷ್ಟು ರೋಬಸ್ಟಾ. ಹೆಚ್ಚಿನ ಬೀಜ ವ್ಯಾಪಾರಿಗೆ ಹೋಗುತ್ತದೆ. ಮನೆಗೆ, ನೆಂಟರಿಗೆ ಅಂತ ಒಂದೆರಡು ಮೂಟೆ ಇಟ್ಟುಕೊಳ್ಳುತ್ತೇವೆ. ಮೂರು ವರ್ಷದಿಂದ ಅದರಲ್ಲೇ ಸ್ವಲ್ಪ ಪೇಟೆಯಲ್ಲಿ ಹುರಿಸಿ, ಪುಡಿ ಮಾಡಿಸಿ, ಕಾಲು ಕೆ.ಜಿ. ಪ್ಯಾಕೆಟ್ ಕಟ್ಟಿ ಮಾರುತ್ತಿದ್ದೇನೆ. ಪ್ಯಾಕೆಟ್ ಮೇಲೆ ನನ್ನ ಹೆಸರು, ಆಹಾರ ಮಾರಾಟಕ್ಕೆ ಮಾಡಿಸಿದ ರಿಜಿಸ್ಟ್ರೇಶನ್ನಿನ 14 ಅಂಕಿಯ ನಂಬರು, ಕೆಳಗೆ ದಪ್ಪಕ್ಷರದಲ್ಲಿ "ಅರೇಬಿಕಾ 100%. ಚಿಕೋರಿ ಇಲ್ಲ." (ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸುವ ಹುರಿದ ಬೇರಿನ ಪುಡಿ.) ಆ ಸಾಲು ನನ್ನ ಮಗಳು ಹಾಕಿಸಿದ್ದು. ಅದಿಲ್ಲದಿದ್ದರೆ ಬೆಂಗಳೂರಿನವರು ಕೊಳ್ಳಲ್ಲ ಅಂತ.

ಹೋದ ಶನಿವಾರ 20 ಕೆ.ಜಿ. ಬೀಜ ಕೊಟ್ಟು ಬಂದೆ. ಚೀಟಿ ಬರೆದುಕೊಟ್ಟರು: "20 ಕೆ.ಜಿ., ಹುರಿ + ಪುಡಿ, ಪ್ಯೂರ್." ಯಾವಾಗಲೂ ಹೋಗುವ ಮಿಲ್ ರಿಪೇರಿಗೆ ನಿಂತಿತ್ತು, ಅದಕ್ಕೇ ಬೇರೆ ಕಡೆ ಹೋಗಿದ್ದೆ. ಸೋಮವಾರ ಪುಡಿ ತಂದೆ. ಮನೆಯ ತಕ್ಕಡಿಯಲ್ಲಿ ಇಟ್ಟರೆ 19 ಕೆ.ಜಿ. 200 ಗ್ರಾಂ.

ನಮ್ಮೆಜಮಾನರಿಗೆ ಖುಷಿ. "ಈ ಮಿಲ್ಲಿನವರು ಚೆನ್ನಾಗಿ ಹುರೀತಾರೆ, ವೇಸ್ಟೇ ಇಲ್ಲ" ಅಂದರು. ನನಗೂ ಆ ಕ್ಷಣಕ್ಕೆ ಏನೂ ಹೊಳೆಯಲಿಲ್ಲ. 48 ಪ್ಯಾಕೆಟ್ ಕಟ್ಟಿದೆ. 20 ಪ್ಯಾಕೆಟ್ ನಮ್ಮ ಕಡೆಯ ಒಂದು ಹೋಂಸ್ಟೇಗೆ, 16 ಬೆಂಗಳೂರಿನ ನೆಂಟರಿಗೂ ಅವರ ಅಪಾರ್ಟ್‌ಮೆಂಟಿನವರಿಗೂ ಹೋಯಿತು. ಉಳಿದದ್ದು ಡಬ್ಬಿಯಲ್ಲಿದೆ.

ಕಂಡುಹಿಡಿದದ್ದು ನಮ್ಮತ್ತೆ. ಬೆಳಿಗ್ಗೆ ಫಿಲ್ಟರಿಗೆ ಹಾಕಿ, ಮುಚ್ಚಳ ತೆಗೆದು ನೋಡಿದವರು "ಇದೇನೇ, ಡಿಕಾಕ್ಷನ್ ಹಿಂಗೆ ಕರ್ರಗೆ ಇಳಿದಿದೆ? ಅಂಟಂಟು ಬೇರೆ" ಅಂದರು. ಆಮೇಲೆ ತೂಕ ಕೇಳಿದರು. ಹೇಳಿದೆ. ಅವರು ಒಳಗೆ ಹೋಗಿ ಹಳೇ ನೋಟ್‌ಬುಕ್ ತಂದು ನನ್ನ ಮುಂದೆ ಹಾಕಿದರು. ಹೋದ ವರ್ಷ 20 ಕೆ.ಜಿ.ಗೆ 16.8. ಅದರ ಹಿಂದಿನ ವರ್ಷ 16.7. ಬೀಜ ಹುರಿದರೆ ನೀರಿನಂಶ ಹೋಗಿ ತೂಕ ಇಳಿಯಲೇಬೇಕು. ಇದು ಎರಡೂವರೆ ಕೆ.ಜಿ. ಹತ್ತಿರ ಜಾಸ್ತಿ ಬಂದಿದೆ. ಬರಬೇಕಾದ್ದಕ್ಕಿಂತ ಕಡಿಮೆ ಬಂದರೆ ಜಗಳ ಆಡಬಹುದು. ಜಾಸ್ತಿ ಬಂದರೆ ಯಾರ ಹತ್ತಿರ ಹೇಳೋದು?

ಚಿಕೋರಿ ಬೆರೆತಿದೆಯಾ ಅಂತ ಅನುಮಾನ ಬಂತು. ಕಾಫಿ ತೇಲುತ್ತದೆ, ಚಿಕೋರಿ ಮುಳುಗುತ್ತದೆ ಅಂತಾರಲ್ಲ, ಎರಡು ಗಾಜಿನ ಲೋಟದಲ್ಲಿ ತಣ್ಣೀರು ಇಟ್ಟೆ. ಒಂದಕ್ಕೆ ಹಳೇ ಡಬ್ಬಿಯ ತಳದಲ್ಲಿ ಉಳಿದಿದ್ದ ಪುಡಿ ಉದುರಿಸಿದೆ. ಮೇಲೇ ತೇಲುತ್ತಾ ನಿಂತಿತು. ಇನ್ನೊಂದಕ್ಕೆ ಹೊಸದು. ಅದರಲ್ಲಿ ಕೆಲವು ಕಾಳು ಬಿದ್ದ ಕೂಡಲೇ ಮುಳುಗಿದವು. ಮುಳುಗುವಾಗ ಒಂದೊಂದರ ಹಿಂದೆ ಕಂದು ಬಣ್ಣದ ಎಳೆ. ಊದುಬತ್ತಿ ಹೊಗೆ ತಲೆಕೆಳಗಾಗಿ ಇಳಿದ ಹಾಗೆ. ನೋಡೋಕೆ ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮಿಲ್ಲಿಗೆ ಫೋನ್ ಮಾಡಿದರೆ "ನಮ್ಮಲ್ಲಿ ಹಂಗೆಲ್ಲ ಇಲ್ಲಮ್ಮ, ನಿಮ್ಮ ಬೀಜವೇ ಹಂಗಿರಬೇಕು" ಅಂತ ಇಟ್ಟುಬಿಟ್ಟರು. ಕಾನೂನಿನಲ್ಲಿ ಇದಕ್ಕೇನಿದೆ? ಎಲ್ಲಿ ದೂರು ಕೊಡಬೇಕು? ತಿಳಿದವರು ಹೇಳಿ.

ಬಸ್‌ಸ್ಟ್ಯಾಂಡ್ ಗಿರಾಕಿ:

ಕಾನೂನಾ? 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಬಣ್ಣ ಹಾಕಬಾರದು, ಬಾಂಬೆ ಮಿಠಾಯಿಗೆ ರೋಡಮೈನ್ ಅನ್ನೋ ಬಣ್ಣ ಹಾಕಬಾರದು ಅಂತ ಸರ್ಕಾರ ಆದೇಶ ಮಾಡಿತು. ನಮ್ಮ ಬಸ್‌ಸ್ಟ್ಯಾಂಡ್ ಗಾಡಿಯ ಗೋಬಿ ಒಂದು ವಾರ ಬೆಳ್ಳಗಿತ್ತು. ಆಮೇಲೆ ಮತ್ತೆ ಕೆಂಪಗಾಯಿತು. ಸುಮ್ನೆ ಆ ಮಿಲ್ ಬಿಡಿ, ಬೇರೆ ಕಡೆ ಹೋಗಿ.

ಸಕಲೇಶಪುರದ ಮಿಲ್ ಹುಡುಗ:

ಅಕ್ಕ, ನಾನೂ ಹುರಿಯೋ ಕೆಲಸದವನೇ. ನಮ್ಮ ಕಸುಬಿನವರ ಪರ ಮಾತಾಡ್ತಾನೆ ಅಂತ ಅಂದುಕೊಳ್ಳಬೇಡಿ, ಮೊದಲು ಎರಡು ಅನುಮಾನ ತೆಗೆದುಬಿಡೋಣ.

ಒಂದು, ನೀರು. ಹುರಿದ ಬೀಜ ಡ್ರಮ್ಮಿನಿಂದ ಬಿದ್ದ ಮೇಲೂ ಒಳಗೇ ಬೇಯುತ್ತಿರುತ್ತದೆ. ಬೇಗ ಆರಿಸೋಕೆ ಕೆಲವರು ನೀರು ಹೊಡೆಯುತ್ತಾರೆ. ಹದವಾಗಿ ಹೊಡೆದರೆ ಆವಿಯಾಗಿ ಹೋಗುತ್ತದೆ. ಕಳ್ಳತನಕ್ಕೆ ಹೊಡೆದರೆ ಸ್ವಲ್ಪ ತೂಕ ನಿಲ್ಲುತ್ತದೆ. ಆದರೆ ಎರಡೂವರೆ ಕೆ.ಜಿ. ನಿಂತಿದ್ದರೆ ನಿಮ್ಮ ಪುಡಿ ಮುದ್ದೆ ಕಟ್ಟಿರುತ್ತಿತ್ತು.

ಇನ್ನೊಂದು, ಮಷಿನ್. ನಿಮಗಿಂತ ಮುಂಚೆ ಯಾರೋ 60:40 (ಕಾಫಿ 60, ಚಿಕೋರಿ 40) ಪುಡಿ ಮಾಡಿಸಿದ್ದರೆ ಹಲ್ಲಿನ ಸಂದಿಯಲ್ಲಿ, ಬಟ್ಟೆ ಚೀಲದಲ್ಲಿ ಚಿಕೋರಿ ಉಳಿದಿರುತ್ತದೆ. ಅದಕ್ಕೇ ಪ್ಯೂರ್ ಗಿರಾಕಿ ಬಂದರೆ ನಾವು ಮೊದಲ ಅರ್ಧ ಕೆ.ಜಿ. ಓಡಿಸಿ ಬೇರೆ ಎತ್ತಿಡುತ್ತೇವೆ. ಎತ್ತಿಡದಿದ್ದರೂ ಸೇರೋದು ನೂರು, ಇನ್ನೂರು ಗ್ರಾಂ. ನಿಮ್ಮ ಲೆಕ್ಕಕ್ಕೆ ಅದೂ ಸಾಲದು.

ಅಂದರೆ ಕೈಯಿಂದಲೇ ಬಿದ್ದಿದೆ. ಬೇಕಂತಲೇ ಹಾಕಿದ್ದೋ, ಬೇರೆಯವರ ಚೀಟಿ ನೋಡಿ ನಿಮ್ಮದಕ್ಕೆ ಸುರಿದರೋ, ಅದು ಬೇರೆ ಮಾತು. ಚೀಟಿ ಅದಲುಬದಲು ಆಗೋದು ನಾನು ಕಣ್ಣಾರೆ ನೋಡಿದ್ದೇನೆ. ಅದರಲ್ಲೂ ಶನಿವಾರ.

ಹಾಸನದವನೇ:

ಒಂದು ಪೆದ್ದ ಪ್ರಶ್ನೆ. ನಾವು ಮನೆಯಲ್ಲಿ ತಲೆಮಾರಿನಿಂದ 60:40 ಕುಡಿಯುತ್ತಿದ್ದೇವೆ. ಚಿಕೋರಿ ಹಾಕಿದರೆ ಕಲಬೆರಕೆ ಹೇಗಾಗುತ್ತದೆ? ಅದೇನು ವಿಷವಾ?

ಸಕಲೇಶಪುರದ ಮಿಲ್ ಹುಡುಗ:

ವಿಷ ಅಲ್ಲ ಅಣ್ಣ. ಒಂದು ಗಿಡದ ಬೇರು. ಗುಜರಾತಿನ ಜಾಮ್‌ನಗರ ಕಡೆ, ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಹೋಳು ಮಾಡಿ, ಒಣಗಿಸಿ, ಹುರಿದು ಕಳಿಸುತ್ತಾರೆ. ಕೆಫೀನ್ ಇಲ್ಲ. ಬಣ್ಣ ಜಾಸ್ತಿ, ಸ್ವಲ್ಪ ಸಿಹಿಗಹಿ, ಡಿಕಾಕ್ಷನ್ ದಪ್ಪ. ಹಾಲು ಜಾಸ್ತಿ ಹಾಕಿ ಕುಡಿಯುವವರಿಗೆ ಅದೇ ರುಚಿ. ನಿಮ್ಮ 60:40 ಕಾನೂನಿನ ಒಳಗೇ ಇದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51%ಕ್ಕಿಂತ ಕಡಿಮೆ ಇರಬಾರದು, ಎರಡೂ ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಬೇಕು. ಅಷ್ಟೇ.

ಕೇಳಿ ಹಾಕಿಸಿಕೊಂಡರೆ ರುಚಿ. ಕೇಳದೆ ಹಾಕಿ ಕಾಫಿ ರೇಟು ತಗೊಂಡರೆ ಕಳ್ಳತನ. ಕಾಫಿಗೆ ಈಗ ಏನು ರೇಟಿದೆ, ಚಿಕೋರಿಗೆ ಏನಿದೆ ನೋಡಿ. ಆದರೆ ಅಕ್ಕನ ವಿಷಯದಲ್ಲಿ ನನಗೆ ಒಂದು ಅರ್ಥ ಆಗ್ತಿಲ್ಲ. ಹುರಿಯೋ ಕೂಲಿ ಬೀಜದ ತೂಕಕ್ಕೆ ತಾನೇ? ಚಿಕೋರಿ ಹಾಕಿ ಅವರಿಗೇನು ಲಾಭ? ಅಷ್ಟೇ ತೂಕದ ಒಳ್ಳೇ ಬೀಜ ಎತ್ತಿಟ್ಟುಕೊಂಡಿದ್ದರೆ ಮಾತ್ರ ಲಾಭ. ಹಾಗೆ ಎತ್ತಿಟ್ಟುಕೊಂಡಿದ್ದರೆ ಪುಡಿ 16.8ರ ಹತ್ತಿರವೇ ಬರಬೇಕಿತ್ತು. 19.2 ಬಂದಿದೆ ಅಂದರೆ ಚೀಟಿ ಅದಲುಬದಲಾಗಿದೆ ಅಂತಲೇ ನನ್ನ ಲೆಕ್ಕ.

ಹಳೇ ಇನ್ಸ್‌ಪೆಕ್ಟರ್:

ತಾಯಿ, ನಾನು ಹಾಸನ ಜಿಲ್ಲೆಯಲ್ಲಿ ಫುಡ್ ಇನ್ಸ್‌ಪೆಕ್ಟರ್ ಆಗಿ ಬಹಳ ವರ್ಷ ಕೆಲಸ ಮಾಡಿ 2013ರಲ್ಲಿ ನಿವೃತ್ತನಾದೆ. ಹಳೇ ಕಾಯ್ದೆಯನ್ನೂ ಕಂಡಿದ್ದೇನೆ, ಹೊಸದರ ಮೊದಲ ಎರಡು ವರ್ಷವನ್ನೂ ಕಂಡಿದ್ದೇನೆ. ನಿಮ್ಮ ಪ್ರಶ್ನೆ ಓದಿ ನನಗೆ ಮಿಲ್ಲಿನವನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ ಗಾಬರಿಯಾಯಿತು.

ನೀವು 36 ಪ್ಯಾಕೆಟ್ ಹೊರಗೆ ಕಳಿಸಿದ್ದೀರಿ. ಅದರ ಮೇಲೆ ಮಿಲ್ಲಿನ ಹೆಸರಿಲ್ಲ, ನಿಮ್ಮ ಹೆಸರಿದೆ. "ಚಿಕೋರಿ ಇಲ್ಲ" ಅಂತ ಬರೆದಿದೆ. ಹೋಂಸ್ಟೇಗೆ ಬಂದ ಯಾರೋ ಒಬ್ಬರು ಅದರಲ್ಲಿ ಒಂದನ್ನು ಪರೀಕ್ಷೆಗೆ ಕೊಟ್ಟರೆ ನೋಟಿಸ್ ಬರುವುದು ಯಾರಿಗೆ? ನಿಮಗೆ. ಲೇಬಲ್ಲಿನಲ್ಲಿ ಸುಳ್ಳು ಇದ್ದರೆ ಅದು ಮಿಸ್‌ಬ್ರಾಂಡೆಡ್. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006, ಸೆಕ್ಷನ್ 52. 3 ಲಕ್ಷದವರೆಗೆ ದಂಡ. ಕೇಳಿದ ಗುಣದ್ದು ಕೊಡಲಿಲ್ಲ ಅಂತ ಸೆಕ್ಷನ್ 50 ಹಾಕಿದರೆ 5 ಲಕ್ಷದವರೆಗೆ. ನಿಮ್ಮಂಥ ಬರೀ ರಿಜಿಸ್ಟ್ರೇಶನ್ ಇರುವ ಸಣ್ಣವರಿಗೆ ಅದರಲ್ಲಿ 25,000ಕ್ಕೆ ಮಿತಿ ಇದೆ, 52ರಲ್ಲಿ ಆ ರಿಯಾಯಿತಿ ಇಲ್ಲ. ಹೆದರಿಸೋಕೆ ಹೇಳುತ್ತಿಲ್ಲ. ದಂಡ ಎಷ್ಟು ಅಂತ ನಿರ್ಧರಿಸುವಾಗ ಲಾಭ ಎಷ್ಟಾಯಿತು, ಪದೇ ಪದೇ ಮಾಡಿದ್ದಾ, ಗೊತ್ತಿಲ್ಲದೆ ಆಗಿದ್ದಾ, ಇದನ್ನೆಲ್ಲ ನೋಡಬೇಕು ಅಂತ ಸೆಕ್ಷನ್ 49 ಹೇಳುತ್ತದೆ. ಆದರೆ ಈಗ ನಿಮಗೆ ಗೊತ್ತಾಗಿದೆ. ಇವತ್ತಿನಿಂದ "ಗೊತ್ತಿರಲಿಲ್ಲ" ಅನ್ನೋ ಮಾತು ನಡೆಯಲ್ಲ.

ಮೊದಲು ಆ ಪ್ಯಾಕೆಟ್ ವಾಪಸ್ ತರಿಸಿ. ಇದೂ ಕಾಯ್ದೆಯಲ್ಲೇ ಇದೆ, ಸೆಕ್ಷನ್ 28: ಮಾಲು ಸರಿ ಇಲ್ಲ ಅಂತ ಅನುಮಾನ ಬಂದರೆ ಮಾರಿದವರೇ ವಾಪಸ್ ತರಿಸಿ ಇಲಾಖೆಗೆ ತಿಳಿಸಬೇಕು. ವಾಟ್ಸಾಪಿನಲ್ಲೇ ಬರೆದು ಕಳಿಸಿ, ದಿನಾಂಕ ಸಮೇತ ಉಳಿಯುತ್ತದೆ. ಆಮೇಲೆ ಚಿಕ್ಕಮಗಳೂರಿನಲ್ಲಿ ಅಂಕಿತಾಧಿಕಾರಿ (ಜಿಲ್ಲೆಯಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವವರು) ಕಚೇರಿಗೆ ನೀವಾಗಿಯೇ ಹೋಗಿ ಬರೆದುಕೊಡಿ. ಚೀಟಿ, ಅತ್ತೆಯವರ ನೋಟ್‌ಬುಕ್ಕಿನ ಜೆರಾಕ್ಸ್ ಎರಡೂ ಲಗತ್ತಿಸಿ. ಆ ನೋಟ್‌ಬುಕ್ ಇಟ್ಟ ತಾಯಿಗೆ ನನ್ನದೊಂದು ನಮಸ್ಕಾರ.

ಮಿಲ್ಲಿನ ವಿಷಯ. ಇಲ್ಲಿ ಒಂದು ತೊಡಕಿದೆ. ನೀವು ಪುಡಿ ಕೊಂಡವರಲ್ಲ, ನಿಮ್ಮ ಬೀಜ ಹುರಿಸಿದವರು. ಕೊಂಡವರು ತಾವೇ ಪರೀಕ್ಷೆ ಮಾಡಿಸಬಹುದು ಅನ್ನುವ ಸೆಕ್ಷನ್ 40 ನಿಮಗೆ ನೇರವಾಗಿ ಸಿಗುವುದಿಲ್ಲ. ಆ ಅಂಗಡಿಯಲ್ಲಿ "ಪ್ಯೂರ್" ಅಂತ ಪ್ಯಾಕೆಟ್ ಮಾರುತ್ತಾರಾ? ಮಾರಿದರೆ ಅರ್ಧ ಕೆ.ಜಿ. ಕೊಳ್ಳಿ, ಬಿಲ್ ತಗೊಳ್ಳಿ, ಫೀಸು ಕಟ್ಟಿ ಆಹಾರ ವಿಶ್ಲೇಷಕರಿಗೆ ಕೊಡಿ. ಸ್ಯಾಂಪಲ್ ತಲುಪಿದ 14 ದಿನದಲ್ಲಿ ವರದಿ ಕೊಡಬೇಕು. ತಪ್ಪು ಇದೆ ಅಂತ ಬಂದರೆ ಫೀಸು ವಾಪಸ್. ಆದರೆ ಇದರಲ್ಲಿ ಒಂದು ತಮಾಷೆ ಇದೆ. "ಇದನ್ನು ಪರೀಕ್ಷೆಗೆ ಕಳಿಸುತ್ತೇನೆ" ಅಂತ ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಬೇಕು! ಕಾಯ್ದೆ ಬರೆದವರು ಎಂದೂ ಅಂಗಡಿಗೆ ಹೋದವರಲ್ಲ ಅಂತ ನಾವೆಲ್ಲ ನಗುತ್ತಿದ್ದೆವು. ಆದ್ದರಿಂದ ಪ್ಯಾಕೆಟ್ ಕೈಗೆ ಬಂದ ಮೇಲೆ ಹೇಳಿ.

ಲೋಟದ ಪರೀಕ್ಷೆ ನಿಮ್ಮ ಸಮಾಧಾನಕ್ಕೆ ಸರಿ, ಸಾಕ್ಷಿಗೆ ಆಗಲ್ಲ. ತೀರಾ ನುಣ್ಣಗೆ ಬೀಸಿದ್ದರೆ ಒಳ್ಳೇ ಕಾಫಿಯೂ ಸ್ವಲ್ಪ ಹೊತ್ತಿಗೆ ಮುಳುಗುತ್ತದೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಚಿಕೋರಿ ಬೇರಿನ ನಾಳಗಳು ಬೇರೆಯಾಗಿಯೇ ಕಾಣುತ್ತವೆ. ಕೆಫೀನನ್ನೂ ಅಳೆಯುತ್ತಾರೆ. ಶುದ್ಧ ಪುಡಿಯಲ್ಲಿ ಕನಿಷ್ಠ 1%, ಚಿಕೋರಿ ಮಿಶ್ರಣದಲ್ಲಿ ಕನಿಷ್ಠ 0.6% ಇರಬೇಕು.

ಗೋಬಿ ಬಗ್ಗೆ ಬರೆದವರಿಗೆ ಒಂದು ಮಾತು. 1954ರ ಕಲಬೆರಕೆ ತಡೆ ಕಾಯ್ದೆಯಲ್ಲಿ ಎಲ್ಲವೂ ಕ್ರಿಮಿನಲ್. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಜೈಲು. ಒಬ್ಬ ಸೈಕಲ್ ಹಾಲಿನವನ ಕ್ಯಾನಿನಿಂದ ನಾನೇ ಸ್ಯಾಂಪಲ್ ತೆಗೆದಿದ್ದೆ. ರಸ್ತೆ ಬದಿ, ಚಳಿ, ಬೆಳಗಿನ ಆರೂವರೆ. ಮೂರು ಬಾಟಲಿ, ಕೆಡದಿರಲಿ ಅಂತ ಒಂದೊಂದಕ್ಕೂ ಫಾರ್ಮಲಿನ್ ಹನಿ, ಅರಗು, ಸೀಲು. ಪಂಚರು ಬೇಕು ಅಂದರೆ ಯಾರೂ ನಿಲ್ಲುತ್ತಿರಲಿಲ್ಲ. ಕೊನೆಗೆ ಟೀ ಅಂಗಡಿಯವನನ್ನು ಬೇಡಿಕೊಂಡು ಸಹಿ ಹಾಕಿಸಿದೆ. ಹಾಲಿಗೆ ನೀರು ಸೇರಿಸಿದ್ದ, ನಿಜ. ಶಿಕ್ಷೆಯಾಯಿತು. ಅದೇ ಸುಮಾರಿಗೆ ಎಣ್ಣೆ ಡೀಲರ್ ಒಬ್ಬನ ಕೇಸು ಇತ್ತು. ವಕೀಲರಿದ್ದರು. ಎರಡನೇ ಬಾಟಲಿ ಸೆಂಟ್ರಲ್ ಲ್ಯಾಬಿಗೆ ಹೋಗಬೇಕು ಅಂದರು, ಸೀಲು ಸರಿ ಇಲ್ಲ ಅಂದರು, ವರ್ಷಗಟ್ಟಲೆ ಎಳೆದು ಬಿಡುಗಡೆಯಾದ. ಸೈಕಲ್ಲಿನವನ ಮುಖ ಇನ್ನೂ ನೆನಪಿದೆ, ಡೀಲರನದ್ದು ಮರೆತಿದ್ದೇನೆ.

2011ರ ಆಗಸ್ಟ್ 5ರಿಂದ 2006ರ ಹೊಸ ಕಾಯ್ದೆ ಜಾರಿಗೆ ಬಂತು. ಸ್ಯಾಂಪಲ್ ಈಗ ನಾಲ್ಕು ಭಾಗ. ಜೀವಕ್ಕೆ ಅಪಾಯ ಇಲ್ಲದ ಮೋಸಕ್ಕೆ ಕೋರ್ಟಿಲ್ಲ, ಅಪರ ಜಿಲ್ಲಾಧಿಕಾರಿ ಮುಂದೆ ವಿಚಾರಣೆ, ದಂಡ. ಅಪಾಯಕಾರಿ ಆಹಾರ ಮಾತ್ರ ಕೋರ್ಟಿಗೆ. ಅದರಿಂದ ಸಾವಾದರೆ 7 ವರ್ಷದಿಂದ ಜೀವಾವಧಿವರೆಗೆ. ಈ ವಿಂಗಡಣೆ ಸರಿ ಅಂತಲೇ ನನ್ನ ಅಭಿಪ್ರಾಯ. ಇಲಾಖೆಯಲ್ಲಿ ಕೈಗಳು ಸಾಲದು, ಅದು ಆಗಲೂ ಹಾಗೇ.

ನೀವು ಸುಮ್ನೆ ಬಿಡಬೇಡಿ. ಹುರಿದುಕೊಡುವುದು ಸೇವೆ, ಆದ್ದರಿಂದ ಗ್ರಾಹಕರ ಆಯೋಗದ ದಾರಿಯೂ ಇರಬಹುದು. ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. 1915ಕ್ಕೆ ಫೋನ್ ಮಾಡಿದರೆ ವಿವರ ಹೇಳುತ್ತಾರೆ.

ಆಲ್ದೂರಿನ ಸೊಸೆ:

ಸಾರ್, ನಿಮ್ಮ ಉತ್ತರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಕಳ್ಳನ ಬಗ್ಗೆ ದೂರು ಕೊಡೋಕೆ ಹೊರಟವಳು, ನೋಡಿದರೆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ಬೆಳಿಗ್ಗೆ ಎದ್ದು 36 ಪ್ಯಾಕೆಟ್ ಪಡೆದವರಿಗೂ ಮೆಸೇಜ್ ಹಾಕಿದೆ. "ಪುಡಿಯಲ್ಲಿ ಚಿಕೋರಿ ಸೇರಿರೋ ಅನುಮಾನ ಇದೆ, ದಯವಿಟ್ಟು ವಾಪಸ್ ಕೊಡಿ, ದುಡ್ಡು ಕೊಡುತ್ತೇನೆ." ಬರೆಯುವಾಗ ಕೈ ನಡುಗಿತು. ನಮ್ಮೆಜಮಾನರು ಎರಡು ದಿನ ಮಾತಾಡಲಿಲ್ಲ. ಊರೆಲ್ಲ ನೀನೇ ಡಂಗುರ ಹೊಡೆದ ಹಾಗಾಯಿತು ಅಂತ.

ಒಂದು ಅಡ್ಡ ಪ್ರಶ್ನೆ. ವಾಪಸ್ ಬಂದದ್ದಕ್ಕೆ ಲೇಬಲ್ ಬದಲಿಸಿ ಚಿಕೋರಿ ಮಿಶ್ರಣ ಅಂತ ಮಾರಬಹುದಾ? 9 ಕೆ.ಜಿ. ಪುಡಿ ಸಾರ್.

ಹಳೇ ಇನ್ಸ್‌ಪೆಕ್ಟರ್:

ಎಷ್ಟು ಪರ್ಸೆಂಟ್ ಅಂತ ಬರೆಯುತ್ತೀರಿ? ನಿಮಗೆ ಗೊತ್ತಿಲ್ಲವಲ್ಲ. ಅಂದಾಜಿನಲ್ಲಿ ಬರೆದರೆ ಅದು ಎರಡನೇ ಸುಳ್ಳು. ಬೇಡ. ಮನೆಯಲ್ಲಿ ಕುಡಿಯಿರಿ.

ಸಕಲೇಶಪುರದ ಮಿಲ್ ಹುಡುಗ:

ಮುಂದಿನ ಸಲ ಮಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತುಕೊಳ್ಳಿ ಅಕ್ಕ. ಹುರಿಯೋದು, ಆರಿಸೋದು, ಬೀಸೋದು ಎಲ್ಲ ಕಣ್ಣೆದುರೇ ಆಗಲಿ. ಬೇಜಾರು ಮಾಡಿಕೊಳ್ಳುವ ಮಿಲ್ಲಿಗೆ ಹೋಗಲೇಬೇಡಿ. ಹುರಿದ ಮೇಲೆ ಒಂದು ಸಲ, ಬೀಸಿದ ಮೇಲೆ ಒಂದು ಸಲ ತೂಕ ಹಾಕಿಸಿ. ಬೀಸಿದಾಗ ತೂಕ ಏರಿತು ಅಂದರೆ ಅಲ್ಲೇ ಹಿಡಿಯಬಹುದು.

ಆಲ್ದೂರಿನ ಸೊಸೆ:

ಆದದ್ದು ಹೇಳಿಬಿಡುತ್ತೇನೆ, ತುಂಬಾ ಜನ ಕೇಳುತ್ತಿದ್ದೀರಿ.

ಬುಧವಾರ ಆ ಅಂಗಡಿಗೆ ಹೋದೆ. ಕೌಂಟರ್ ಮೇಲೆ "ಪ್ಯೂರ್" ಅಂತ ಚೀಟಿ ಅಂಟಿಸಿದ ಅರ್ಧ ಕೆ.ಜಿ. ಪ್ಯಾಕೆಟ್ ಸಾಲಾಗಿತ್ತು. ಒಂದು ತಗೊಂಡೆ, ದುಡ್ಡು ಕೊಟ್ಟೆ, ಬಿಲ್ ಕೇಳಿದೆ. ಬಿಲ್ ಬರೆಯೋ ಹೊತ್ತಿಗೆ ಪ್ಯಾಕೆಟನ್ನು ಬ್ಯಾಗಿನಲ್ಲಿ ಕರಿಬೇವಿನ ಕೆಳಗೆ ಇಟ್ಟಾಗಿತ್ತು. ಆಮೇಲೆ "ಇದನ್ನು ಪರೀಕ್ಷೆಗೆ ಕಳಿಸ್ತೀನಿ ಅಣ್ಣ" ಅಂದೆ. ಆತ ಪೆನ್ನು ಎತ್ತಿದವನು ಹಾಗೇ ನಿಂತ. "ಯಾಕಮ್ಮ?" ಅಂದ. "ಕಾನೂನಲ್ಲಿ ಹೇಳಬೇಕಂತೆ, ಹೇಳಿದೆ" ಅಂದೆ. "ಅದು ಹಳೇ ಸ್ಟಾಕು, ಕೊಡಿ, ಫ್ರೆಶ್ ಕೊಡ್ತೀನಿ" ಅಂತ ಕೈ ಚಾಚಿದ. ನಾನು ಬಿಲ್ ಕಿತ್ತುಕೊಂಡು ಬಂದೆ. ಹಿಂದೆ ಸರದಿಯಲ್ಲಿದ್ದ ಹೆಂಗಸು ತನ್ನ ಕೈಯಲ್ಲಿದ್ದ ಪ್ಯಾಕೆಟ್ ಮೆಲ್ಲಗೆ ವಾಪಸ್ ಇಟ್ಟರು.

ಅಂಕಿತಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳಿದ್ದೇ "ನಿಮ್ಮ ರಿಜಿಸ್ಟ್ರೇಶನ್ ನಂಬರ್ ಹೇಳಿ" ಅಂತ. ಸದ್ಯ, ರಿನ್ಯೂ ಮಾಡಿಸಿದ್ದೆ. ನನ್ನದೇ ಒಂದು ಪ್ಯಾಕೆಟನ್ನೂ ಕೊಟ್ಟು ಬರೆದುಕೊಟ್ಟು ಬಂದೆ. ವರದಿ ಇನ್ನೂ ಬಂದಿಲ್ಲ. ಅಂಗಡಿ ಪ್ಯಾಕೆಟ್ ಶುದ್ಧ ಅಂತಲೇ ಬರಬಹುದು. ಮಿಲ್ ಹುಡುಗ ಹೇಳಿದ ಹಾಗೆ ಚೀಟಿ ಬದಲಾಗಿದ್ದರೆ, ಚಿಕೋರಿ ಕೇಳಿದ್ದ ಯಾರದೋ ಮನೆಗೆ ಶುದ್ಧ ಪುಡಿ ಹೋಗಿರಬೇಕು. ಅವರು ಈಗ ಡಿಕಾಕ್ಷನ್ ತೆಳ್ಳಗಾಯಿತು ಅಂತ ಬೈದುಕೊಳ್ಳುತ್ತಿರಬೇಕು.

31 ಪ್ಯಾಕೆಟ್ ವಾಪಸ್ ಬಂದಿವೆ. ಬೆಂಗಳೂರಿನ 5 ಬಂದಿಲ್ಲ. ಕುಡಿದು ಮುಗಿಸಿದ್ದಾರಂತೆ. ಈ ಸಲದ ಪುಡಿ ಹಿಂದಿನದಕ್ಕಿಂತ ಚೆನ್ನಾಗಿತ್ತು, ಅದೇ ಇನ್ನೂ ಎರಡು ಕೆ.ಜಿ. ಇದ್ದರೆ ಕಳಿಸಿ ಅಂತ ನಾದಿನಿಯ ಅಪಾರ್ಟ್‌ಮೆಂಟಿನವರು ಮೆಸೇಜ್ ಹಾಕಿದ್ದಾರೆ. ಅದಕ್ಕೆ ಏನು ಉತ್ತರ ಬರೆಯಲಿ ಅಂತ ಮೂರು ದಿನದಿಂದ ಯೋಚಿಸುತ್ತಿದ್ದೇನೆ.